ಯಾವುದರಲ್ಲಿ ಅದ್ದಬೇಕು ಎಂದು ಕೇಳುವ ಮುನ್ನ

ಹಣ್ಣು ಬೇಗ ಕೆಡುತ್ತಿದೆ ಎಂದ ಕೂಡಲೇ ಬರುವ ಪ್ರಶ್ನೆ ಒಂದೇ: ಯಾವುದರಲ್ಲಿ ಅದ್ದಬೇಕು? ಅದಕ್ಕೂ ಮೊದಲು ಕೇಳಬೇಕಾದದ್ದು, ಕೊಯ್ದ ಹಣ್ಣು ಎಷ್ಟು ಹೊತ್ತು ಬಿಸಿಲಲ್ಲಿತ್ತು ಎಂದು. ಕೊಯ್ದ ಮೇಲೂ ಹಣ್ಣು ಉಸಿರಾಡುತ್ತದೆ. ತಾಪ 10 ಡಿಗ್ರಿ ಏರಿದರೆ ಉಸಿರಾಟ ಎರಡು ಮೂರು ಪಟ್ಟಾಗುತ್ತದೆ. ಹಾಗೆ ಸವೆದ ಬಾಳಿಕೆಯನ್ನು ಯಾವ ದ್ರಾವಣವೂ ಮರಳಿ ಕೊಡದು.

ಕೋಲ್ಡ್ ಸ್ಟೋರೇಜಿಗೆ ತಳ್ಳಿದರೆ ಸಾಲದು. ಒತ್ತಾಗಿ ಪೇರಿಸಿದ ಡಬ್ಬಿಗಳ ನಡುವಿನ ಹಣ್ಣು ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಫ್ಯಾನಿನ ಗಾಳಿ ಡಬ್ಬಿಗಳ ಒಳಗಿಂದ ಹಾಯಬೇಕು; ಅದಕ್ಕೆ ಡಬ್ಬಿಯ ಪಕ್ಕಗಳಲ್ಲಿ ಕನಿಷ್ಠ ಶೇ. 5ರಷ್ಟು ತೂತುಗಳಿರಬೇಕು. ಕೋಣೆಯ ಮೀಟರ್ ನಂಬಬೇಡಿ, ತಿರುಳಿಗೇ ಥರ್ಮಾಮೀಟರ್ ಚುಚ್ಚಿ ನೋಡಿ. ಎಷ್ಟು ತಣ್ಣಗಿರಬೇಕು ಎಂಬುದು ಯಾವ ಹಣ್ಣು ಎಂಬುದರ ಮೇಲೆ ನಿಂತಿದೆ. ಹೆಚ್ಚಿನ ಸೇಬು ತಳಿಗಳಿಗೆ 0-1 ಡಿಗ್ರಿ ಹಿತ. ಬಾಳೆ, ಬಲಿತ ಮಾವಿಗೆ 13ರ ಆಸುಪಾಸು. ಅದಕ್ಕಿಂತ ತೀರಾ ಕೆಳಗಿಳಿಸಿದರೆ ಬಾಳೆಯ ಸಿಪ್ಪೆ ಮಂಕಾಗಿ ಕಂದುತ್ತದೆ, ಮಾವು ಸರಿಯಾಗಿ ಹಣ್ಣಾಗುವುದಿಲ್ಲ. ಚಳಿಯ ಈ ಏಟು ಕಾಣುವುದು ಹೆಚ್ಚಾಗಿ ಹೊರಗೆ ತೆಗೆದ ಮೇಲೆ, ಹಾಗಾಗಿ ದೂರು ಬೇರೆ ಯಾರದೋ ತಲೆಗೆ ಹೋಗುತ್ತದೆ!

ಇನ್ನು ತೊಳೆಯುವುದು. ರೋಗಾಣು ಕೊಲ್ಲಲು ನೀರಿಗೆ ಹಾಕುವ ಕ್ಲೋರಿನ್ 100-150 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಇದ್ದು, ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 6.5-7.5ರಲ್ಲಿರಲಿ. ಪಿಎಚ್ 8 ದಾಟಿದರೆ ವಾಸನೆ ಇರುತ್ತದೆ, ಕೆಲಸ ಕಡಿಮೆ. ಮಣ್ಣು, ಎಲೆಚೂರು ಕ್ಲೋರಿನ್ ತಿಂದುಹಾಕುತ್ತವೆ, ಆಗಾಗ ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿ ಅದ್ದಿ ನೋಡಿ. ಬಿಸಿ ಹಣ್ಣನ್ನು ತಣ್ಣೀರಿನ ತೊಟ್ಟಿಗೆ ಬಿಟ್ಟರೆ ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಗಾಯದಿಂದ ನೀರನ್ನೂ ಕೊಳೆರೋಗದ ಜೀವಿಗಳನ್ನೂ ಎಳೆದುಕೊಳ್ಳುತ್ತದೆ. ಸೇಬು, ಮಾವು ತೊಳೆಯುವ ನೀರು ತಿರುಳಿಗಿಂತ ಸುಮಾರು 5 ಡಿಗ್ರಿ ಬೆಚ್ಚಗಿರಲಿ. ಸ್ಟ್ರಾಬೆರಿಯನ್ನಂತೂ ಶೇಖರಣೆಗೆ ಮುಂಚೆ ತೊಳೆಯಲೇಬೇಡಿ.

ನನ್ನ ಮೆಚ್ಚಿನ ಉಪಚಾರ ಬಿಸಿನೀರು. ಅಗ್ಗ, ಹಣ್ಣಿನಲ್ಲಿ ಏನೂ ಉಳಿಯುವುದಿಲ್ಲ. ಮಾವಿನ ಚಿಬ್ಬು ರೋಗದ ಶಿಲೀಂಧ್ರ ಕಾಯಿಯಿದ್ದಾಗಲೇ ಸಿಪ್ಪೆಯಲ್ಲಿ ಅಡಗಿರುತ್ತದೆ, ಹಣ್ಣಾಗುವಾಗ ಕಪ್ಪು ಚುಕ್ಕೆಯಾಗಿ ಏಳುತ್ತದೆ. 52 ಡಿಗ್ರಿಯಲ್ಲಿ 5-10 ನಿಮಿಷ ಮುಳುಗಿಸಿದರೆ ಅದು ಬಹುಪಾಲು ಹಿಡಿತಕ್ಕೆ ಬರುತ್ತದೆ. ಕೊಯ್ದ ಮೇಲೆ ತಡಮಾಡದೆ, ಶೀತಲೀಕರಣಕ್ಕೂ ಮೊದಲೇ ಮಾಡಬೇಕು. ಕೆಡುವುದು ಎಲ್ಲಿ ಗೊತ್ತೇ? ಹಣ್ಣು ಬಿದ್ದೊಡನೆ ನೀರಿನ ತಾಪ ಇಳಿಯುತ್ತದೆ, ಆದರೆ ನಿಮಿಷ ಎಣಿಸುವವರು ಆಗಲೇ ಶುರುಮಾಡಿರುತ್ತಾರೆ. ತಾಪ ಮತ್ತೆ 52 ಮುಟ್ಟಿದ ಮೇಲೆ ಎಣಿಸಿ, ನೀರನ್ನು ಕಲಕುತ್ತಿರಿ. ಬಲಿಯದ ಕಾಯಿ ಬೆಂದುಬಿಡುತ್ತದೆ, ಮೊದಲೇ ಆರಿಸಿ ತೆಗೆಯಿರಿ.

ಮೇಣದ ಲೇಪನ ತೆಳುವಾಗಿದ್ದರೆ ತೇವ ಉಳಿಯುತ್ತದೆ. ದಪ್ಪವಾದರೆ ಆಮ್ಲಜನಕ ಒಳಹೋಗದೆ ತಿರುಳಿಗೆ ಹೆಂಡದ ವಾಸನೆ.

ಮಾಗುವುದನ್ನು ನಿಧಾನಿಸಲು ಬಳಸುವ 1-ಎಂಸಿಪಿ (1-ಮೀಥೈಲ್‌ಸೈಕ್ಲೋಪ್ರೊಪೀನ್) ಅನಿಲದ ಬಗ್ಗೆ ಅತಿಯಾದ ನಂಬಿಕೆ ಇದೆ. ಅದು ಹಣ್ಣೇ ಬಿಡುವ, ಅದನ್ನು ಮಾಗಿಸುವ ಎಥಿಲೀನ್ ಅನಿಲ ಕೂರಬೇಕಾದ ಜಾಗದಲ್ಲಿ ಕೂತು ಮಾಗುವಿಕೆಯನ್ನು ತಡೆಯುತ್ತದೆ, ಅಷ್ಟೆ. ಗಾಯ ಮಾಯಿಸದು, ಬೂಸ್ಟು ಕೊಲ್ಲದು. ಸೇಬಿಗೆ ಸೋರದ ಕೋಣೆಯಲ್ಲಿ 1 ಪಿಪಿಎಂ, 24 ಗಂಟೆ. ಬಾಳೆಗೆ ತೀರಾ ಹಸಿರಿದ್ದಾಗ ಕೊಟ್ಟರೆ ಬಣ್ಣ ತೇಪೆತೇಪೆಯಾಗಿ ಬರುತ್ತದೆ. ಎಥಿಲೀನ್ ಹೀರುವ ಪರ್ಮಾಂಗನೇಟ್ (ನೇರಳೆ ಬಣ್ಣದ ಲವಣ) ಪೊಟ್ಟಣವನ್ನು ಹಣ್ಣಿನ ಜೊತೆ ಇಡುವವರು ಬಣ್ಣ ನೋಡಿಕೊಳ್ಳಿ: ನೇರಳೆ ಹೋಗಿ ಕಂದು ಬಂದಿದ್ದರೆ ಅದು ತೀರಿದೆ, ಹೊಸದು ಇಡಿ.