ವಶೀಲಿಗೆ ಕೋಟು ತೊಡಿಸಿದವರು

ಕೆಲಸ ಕಳೆದುಕೊಂಡವನಿಗೆ ಸಂಬಳ ನಿಂತ ದಿನದಿಂದಲೇ ಉಪದೇಶ ಶುರುವಾಗುತ್ತದೆ. ಅದಕ್ಕೆ ರಜೆಯೂ ಇಲ್ಲ, ನೋಟಿಸ್ ಅವಧಿಯೂ ಇಲ್ಲ. ಈ ವಾರ ಒಂದೇ ಉಪದೇಶ ನನ್ನ ಫೋನಿಗೆ ಮೂರು ಕಡೆಯಿಂದ ಬಂತು. ‘ಶೇ 80ರಷ್ಟು ಕೆಲಸಗಳು ಜಾಹೀರಾತಿಗೇ ಬರುವುದಿಲ್ಲ. ನೆಟ್‌ವರ್ಕ್ ಬೆಳೆಸಿಕೊಳ್ಳಿ.’ ಕಳಿಸಿದ ಮೂವರಿಗೂ ಭದ್ರವಾದ ಕೆಲಸವಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಈ 80ನ್ನು ನಾನು ವರ್ಷಗಳಿಂದ ಕೇಳುತ್ತಿದ್ದೇನೆ. ಲೆಕ್ಕ ಹಾಕಿದವರನ್ನು ಮಾತ್ರ ಇದುವರೆಗೆ ಯಾರೂ ತೋರಿಸಿಲ್ಲ. ಬಚ್ಚಿಟ್ಟ ಕೆಲಸಗಳನ್ನು ಒಂದೊಂದಾಗಿ ಎಣಿಸಿ ಬಂದ ಆ ಪುಣ್ಯಾತ್ಮ, ಅವು ಎಲ್ಲಿವೆ ಅಂತಲೂ ಒಂದು ಚೀಟಿ ಬರೆದಿಟ್ಟಿದ್ದರೆ ಎಷ್ಟೋ ಮನೆ ಉದ್ಧಾರವಾಗುತ್ತಿತ್ತು.

ಪರಿಚಯದ ಬಲದಿಂದ ಕೆಲಸ ಹಿಡಿಯುವುದಕ್ಕೆ ಹಿಂದೆ ವಶೀಲಿ ಎನ್ನುತ್ತಿದ್ದರು. ವಶೀಲಿ ಹಚ್ಚಿ ಒಳಗೆ ಹೋದವನು ನಾಲ್ಕು ದಿನವಾದರೂ ತಲೆ ತಗ್ಗಿಸಿ ಓಡಾಡುತ್ತಿದ್ದ. ಈಗ ಅದರ ಹೆಸರು ರೆಫರಲ್. ಒಳಗೆ ಬಂದವನಿಗೆ ಸ್ವಾಗತ, ಕರೆತಂದವನಿಗೆ ಬೋನಸ್. ನಾಚಿಕೆಗೆ ಇಷ್ಟು ಅಚ್ಚುಕಟ್ಟಾಗಿ ಕೋಟು ತೊಡಿಸಿದವರ ಕೈಗೆ ಬಳೆ ತೊಡಿಸಬೇಕು, ಚಿನ್ನದ್ದು.

ಇನ್ನು ‘ಎಲಿವೇಟರ್ ಪಿಚ್’. ಲಿಫ್ಟಿನಲ್ಲಿ ದೊಡ್ಡ ಸಾಹೇಬರು ಸಿಕ್ಕರೆ ಮೂವತ್ತು ಸೆಕೆಂಡಿನಲ್ಲಿ ನಿಮ್ಮ ಜನ್ಮಜಾತಕ ಒಪ್ಪಿಸಿಬಿಡಬೇಕಂತೆ. ಲಿಫ್ಟ್ ಹತ್ತಿದ ಮನುಷ್ಯ ಏನು ಮಾಡುತ್ತಾನೆ ಎಂದು ಇವರು ಕಂಡಿದ್ದಾರೆಯೇ? ಬಾಗಿಲ ಮೇಲಿನ ಅಂಕಿಯನ್ನೇ ಪರೀಕ್ಷೆಯ ಫಲಿತಾಂಶದಂತೆ ದಿಟ್ಟಿಸುತ್ತಾನೆ. ಉಸಿರು ಕೂಡ ಅಳೆದು ಬಿಡುತ್ತಾನೆ. ಅಂಥ ಪೆಟ್ಟಿಗೆಯೊಳಗೆ ಒಬ್ಬ ಅಪರಿಚಿತ ತಟ್ಟನೆ ತಿರುಗಿ ‘ನಾನು ಫಲಿತಾಂಶಕ್ಕಾಗಿ ತುಡಿಯುವ ವೃತ್ತಿಪರ’ ಎಂದರೆ, ಸಾಹೇಬರು ಕೆಲಸ ಕೊಡುತ್ತಾರೋ ಇಲ್ಲವೋ, ಮುಂದಿನ ಮಹಡಿಯಲ್ಲಿ ಇಳಿಯುವುದಂತೂ ಖಂಡಿತ. ಅದು ಅವರ ಮಹಡಿಯಲ್ಲದಿದ್ದರೂ. ಅಷ್ಟಕ್ಕೂ ಅಂಥ ಸಾಹೇಬರ ಲಿಫ್ಟಿನವರೆಗೆ ಹೋಗಲು ಕೆಳಗೆ ಕಾವಲಿನವನಿಗೆ ಗುರುತಿನ ಚೀಟಿ ತೋರಿಸಬೇಕು. ಗುರುತಿನ ಚೀಟಿ ಇರುವುದು ಕೆಲಸ ಇರುವವರ ಕೊರಳಲ್ಲಿ.

ಉದ್ಯೋಗದ ನಂಟು ಬೆಳೆಸುವ ಜಾಲತಾಣ ಲಿಂಕ್ಡ್‌ಇನ್ 2003ರಲ್ಲಿ ಶುರುವಾದಾಗಿನಿಂದ ಸ್ನೇಹಕ್ಕೂ ಒಂದು ಅಂಕಿ ಬಂದಿದೆ. ನಂಟು 500 ದಾಟಿದರೆ ಅದು ‘500+’ ಎಂದಷ್ಟೇ ತೋರಿಸಿ ಸುಮ್ಮನಾಗುತ್ತದೆ. ನನ್ನದು ದಾಟಿ ಬಹಳ ಕಾಲವಾಯಿತು. ಅವರಲ್ಲಿ ಎದುರಿಗೆ ಬಂದರೆ ನನ್ನ ಗುರುತು ಹಿಡಿಯುವವರು ಒಂದು ಆಟೋದಲ್ಲಿ ಹಿಡಿಸುತ್ತಾರೆ. ಹೋದ ತಿಂಗಳು ಒಬ್ಬರ ಉದ್ಯೋಗ ವಾರ್ಷಿಕೋತ್ಸವ ಎಂದು ಅದು ನೆನಪಿಸಿತು. ಗುಂಡಿ ಒತ್ತಿ ಅಭಿನಂದಿಸಿದೆ. ‘ಆ ಕೆಲಸ ಹೋಗಿ ಎರಡು ತಿಂಗಳಾಯಿತು ಸಾರ್, ಬದಲಿಸೋಕೆ ಮನಸ್ಸು ಬಂದಿಲ್ಲ’ ಎಂದು ಉತ್ತರ ಬಂತು. ಅದಕ್ಕೆ ಒತ್ತಲು ಯಾವ ಗುಂಡಿಯೂ ಇರಲಿಲ್ಲ.

ನೆಟ್‌ವರ್ಕ್ ಪಂಡಿತರ ಬಾಯಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಹೆಸರು ಮಂತ್ರದಂತೆ ಬರುತ್ತದೆ. ಕೆಲಸದ ಸುದ್ದಿ ಆಪ್ತರಿಗಿಂತ ಅರೆಪರಿಚಿತರಿಂದಲೇ ಹೆಚ್ಚಾಗಿ ಸಿಗುತ್ತದೆ ಎಂದು ಅವರು 1973ರಲ್ಲಿ ಬರೆದರು. ಪರಿಚಯದವರ ಮೂಲಕ ಕೆಲಸ ಹಿಡಿದ 54 ಮಂದಿಯಲ್ಲಿ, ಸುದ್ದಿ ಕೊಟ್ಟವನನ್ನು ಪದೇ ಪದೇ ನೋಡುತ್ತಿದ್ದವರು 9 ಜನ. ಆಗೊಮ್ಮೆ ಈಗೊಮ್ಮೆ ನೋಡುತ್ತಿದ್ದವರು 30. ವರ್ಷಕ್ಕೊಮ್ಮೆ ಕಂಡರೆ ಅದೇ ಹೆಚ್ಚು ಎನ್ನುವವರು 15. ಸರಿ, ಆ ಅರೆಪರಿಚಿತರು ಯಾರು? ಬಹಳಷ್ಟು ಸಲ ಕಾಲೇಜಿನ ಹಳೆಯ ಗೆಳೆಯ, ಹಿಂದಿನ ಸಹೋದ್ಯೋಗಿ, ಹಿಂದಿನ ಯಜಮಾನ. ಎಲ್ಲೋ ಆಕಸ್ಮಿಕವಾಗಿ ಸಿಕ್ಕವರು. ದಿನಕ್ಕೆ ಹತ್ತು ಅಪರಿಚಿತರಿಗೆ ‘ನಿಮ್ಮ ಪಯಣ ಸ್ಫೂರ್ತಿದಾಯಕ’ ಎಂದು ಬರೆಯಿರಿ ಎಂಬ ಉಪದೇಶ ಆ ಲೆಕ್ಕದಿಂದ ಹುಟ್ಟುವುದಿಲ್ಲ. ಹಿಂದಿನ ಸಹೋದ್ಯೋಗಿ ಇರಬೇಕಾದರೆ ಹಿಂದೊಂದು ಕೆಲಸ ಇರಬೇಕಲ್ಲ!

ಉಪದೇಶ ಪೂರ್ತಿ ಸುಳ್ಳಾಗಿದ್ದರೆ ನಕ್ಕು ಬಿಡಬಹುದಿತ್ತು. ಪರಿಚಯ ಇದ್ದವನಿಗೆ ಕೆಲಸ ಬೇಗ ಸಿಗುತ್ತದೆ ಎಂಬುದು ನಿಜ, ಸಿಟ್ಟು ಬರುವುದು ಅದಕ್ಕೇ. ಮನೆಯಲ್ಲಿ ಯಾರೂ ಕಚೇರಿಯ ಮೆಟ್ಟಿಲು ಹತ್ತದ ಹುಡುಗಿ ಯಾರನ್ನು ಬಲ್ಲಳು? ಮಗುವನ್ನೋ ಮುದಿ ತಂದೆಯನ್ನೋ ನೋಡಿಕೊಳ್ಳಲು ನಾಲ್ಕು ವರ್ಷ ಮನೆಯಲ್ಲಿದ್ದವರ ಫೋನು ಯಾರು ಎತ್ತುತ್ತಾರೆ? ಇನ್ನೂರು ಅರ್ಜಿ ಹಾಕಿ ಇಲ್ಲ ಎಂಬ ಉತ್ತರವನ್ನೂ ಕಾಣದವನಿಗೆ, ತಪ್ಪು ನಿನ್ನದೇ, ನೀನು ಬೆರೆಯಲಿಲ್ಲ ಎನ್ನುತ್ತೇವೆ. ಅರ್ಜಿ ಓದುವುದು ಕಂಪನಿಯಲ್ಲಿ ನೇಮಕಾತಿ ನೋಡಿಕೊಳ್ಳುವವರ ಕೆಲಸ. ಅದಕ್ಕೇ ಅವರಿಗೆ ಸಂಬಳ. ಅದನ್ನು ಕೇಳುವವರಿಲ್ಲ.

ನಿನ್ನೆ ಮುಖ ಕಾಣದ ಹುಡುಗನೊಬ್ಬ ನನಗೂ ಬರೆದಿದ್ದ. ನನ್ನ ಪಯಣ ಅವನಿಗೆ ಸ್ಫೂರ್ತಿಯಂತೆ. ಯಾವ ಪಯಣ ಎಂದು ಕೇಳಲು ಹೋಗಲಿಲ್ಲ. ಅವನ ರೆಸ್ಯೂಮೆಯನ್ನು ಉಪದೇಶ ಕಳಿಸಿದ ಆ ಮೂವರಿಗೇ ದಾಟಿಸಿದೆ. ಇಬ್ಬರು ನೋಡಿದ್ದಾರೆ, ನೀಲಿ ಗೆರೆ ಬಿದ್ದಿದೆ. ಮೂರನೆಯವರು ಜೋಡಿಸಿದ ಕೈಗಳ ಚಿತ್ರ ಕಳಿಸಿದ್ದಾರೆ. ಅದು ‘ಆಗಲಿ’ ಎಂದೋ ‘ಬಿಟ್ಟುಬಿಡು ಮಾರಾಯ’ ಎಂದೋ ಇನ್ನೂ ತಿಳಿದಿಲ್ಲ.