ಸ್ಟೀಲಿಗಿಂತ ಮೊದಲು ಲಾಕ್ ನೋಡಿ

ಸಾವಿರ ರೂಪಾಯಿಯೊಳಗಿನ ಮಡಚುವ ಚಾಕುಗಳ ಬಗ್ಗೆ ನಾನು ಓದಿದ ಒಂದು ಲೇಖನದಲ್ಲಿ ಅರ್ಧ ಜಾಗ ಸ್ಟೀಲಿನ ಹೆಸರುಗಳಿಗೇ ಹೋಗಿದೆ. ಆದರೆ ಅಗ್ಗದ ಮಾಲಿನಲ್ಲಿ ಮೊದಲು ಕೈಕೊಡೋದು ಲಾಕ್, ಅಂದರೆ ಬಿಚ್ಚಿದ ಅಲಗು ತಾನಾಗಿ ಮಡಚದಂತೆ ಹಿಡಿಯುವ ಭಾಗ. ಅಲಗು ಬಿಚ್ಚಿ, ಬೆರಳುಗಳನ್ನು ಅದು ಮಡಚುವ ದಾರಿಯಿಂದ ದೂರ ಇಟ್ಟು, ಅಲಗಿನ ಬೆನ್ನನ್ನು ಮರದ ತುಂಡಿಗೆ ಮೆಲ್ಲಗೆ ತಟ್ಟಿ ನೋಡಿ. ಜಾರಿದರೆ ಅಲ್ಲೇ ವಾಪಸ್ ಕೊಡಿ. ಲೈನರ್ ಲಾಕ್ (ಹಿಡಿಯೊಳಗಿನ ತಗಡೇ ಅಲಗನ್ನು ತಡೆಯುವ ಬಗೆ) ಆದರೆ ಆ ತಗಡು ಅಲಗಿನ ಬುಡಕ್ಕೆ ಸರಿಯಾಗಿ ಆತುಕೊಂಡಿರಬೇಕು. ಅಂಚಿಗಷ್ಟೇ ತಾಗಿದ್ದರೆ ಒತ್ತಡ ಬಿದ್ದಾಗ ಬೆರಳ ಮೇಲೇ ಮಡಚುತ್ತದೆ. ಅಲಗು ಅತ್ತಿತ್ತ ಅಲ್ಲಾಡಿದರೆ? ಸ್ಕ್ರೂ ಇದ್ದರೆ ಬಿಗಿ ಮಾಡಬಹುದು, ರಿವೆಟ್ ಆದರೆ ಬಿಟ್ಟುಬಿಡಿ.

ಗಂಗಾವತಿಯ ಅಕ್ಕಿ ಚೀಲದ ಸುತಲಿ, ಬಳ್ಳಾರಿ ಜೀನ್ಸ್ ಬಂಡಲಿನ ಹಗ್ಗ, ಪಾರ್ಸೆಲ್ ಟೇಪು, ಇವಕ್ಕೆಲ್ಲ 6-7 ಸೆಂ.ಮೀ. ಅಲಗು ಸಾಕೋ ಸಾಕು. ಸ್ವಲ್ಪ ದುಡ್ಡು ಜಾಸ್ತಿ ಹಾಕೋದಾದರೆ ಫ್ರಾನ್ಸಿನ ಒಪಿನೆಲ್ ಕಂಪನಿಯ ನಂ. 6 ಚಾಕು ಚೆನ್ನ, ಅಲಗು 7 ಸೆಂ.ಮೀ., ಲಾಕ್ ಉಂಗುರ ತಿರುಗಿಸಿದರಾಯಿತು. ಆದರೆ ಕಾರ್ಬನ್ ಸ್ಟೀಲ್ ಬೇಡ, ಸ್ಟೇನ್‌ಲೆಸ್ ತಗೊಳ್ಳಿ: ನಿಂಬೆ, ಮಾವು ಕೊಯ್ದು ಒರೆಸದೆ ಮಡಚಿಟ್ಟರೆ ಕಾರ್ಬನ್ ಅಲಗು ಕಪ್ಪಾಗಿ ಜಂಗು ಹಿಡಿಯುತ್ತದೆ. ಮರದ ಹಿಡಿ ನೆನೆದರೆ ಉಬ್ಬಿ ಅಲಗು ಬಿಗಿಯಾಗುತ್ತದೆ, ನೆರಳಲ್ಲಿ ಒಣಗಿಸಿ.

ರಾಯಚೂರಿನ ಬೇಸಿಗೆಯಲ್ಲಿ ಎಣ್ಣೆ ಸುರಿಯಬೇಡಿ, ಧೂಳು ಅಂಟಿ ಕೀಲು ಸವೆಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು, ಹೆಚ್ಚಾದದ್ದನ್ನು ಒರೆಸಿಬಿಡಿ. ವಿಮಾನ ಹತ್ತುವಾಗ ಕೈಚೀಲದಲ್ಲಂತೂ ಇಡಬೇಡಿ.