ಅಣ್ಣನ ಮಗ ಕೇಳಿದ ಇಂಟೇಕ್ ಪೈಪು

ನಾನು ಊರಿಗೆ ಹೊರಡುವ ಮುಂಚೆ ಪ್ರತಿ ಸಲ ಹಾಸನದಿಂದ ಒಂದು ಪಟ್ಟಿ ಬರುತ್ತದೆ. ಬಾದಾಮಿ, ಚಾಕೊಲೇಟು, ಅತ್ತಿಗೆಗೆ ವಿಟಮಿನ್ ಮಾತ್ರೆ. ಈ ಸಲ ಅಣ್ಣನ ಮಗನೇ ಫೋನ್ ಮಾಡಿದ. "ಚಿಕ್ಕಪ್ಪಾ, ನನ್ನ ಸ್ವಿಫ್ಟ್‌ಗೆ ಒಂದು ಕೋಲ್ಡ್ ಏರ್ ಇಂಟೇಕ್ ತನ್ನಿ. ಅಲ್ಲೇ ಅಲ್ವಾ ಅದೆಲ್ಲ ಮಾಡೋದು?" ಎಂಜಿನ್ನಿಗೆ ಹೊರಗಿನ ತಣ್ಣನೆ ಗಾಳಿ ಎಳೆದುಕೊಟ್ಟು ಬಲ ಹೆಚ್ಚಿಸುತ್ತದೆ ಅಂತ ಮಾರುವ ಪೈಪು, ಫಿಲ್ಟರಿನ ಜೋಡಿ ಅದು. ಅವನು ಹೇಳಿದ್ದು ಸುಳ್ಳಲ್ಲ. ಎಣ್ಣೆ ಸವರಿದ ಹತ್ತಿ ಬಟ್ಟೆಯ ಫಿಲ್ಟರಿಗೆ ಹೆಸರಾದ ಕೆ ಅಂಡ್ ಎನ್ ಕಂಪನಿ 1969ರಲ್ಲಿ ಶುರುವಾದದ್ದು ನಾನಿರುವ ಇದೇ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ. ಆದರೂ ಬೇಡ ಎಂದೆ. ಹುಡುಗ ಬೇಜಾರು ಮಾಡಿಕೊಂಡ. ದುಡ್ಡಿಗೆ ಹಿಂಜರಿದೆ ಅಂದುಕೊಂಡಿರಬೇಕು. ಕಾರಣ ಅದಲ್ಲ, ಬಿಡಿಸಿ ಹೇಳುತ್ತೇನೆ.

ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಗಾಳಿ ಜಾಸ್ತಿ ಹೋದಷ್ಟೂ ಪೆಟ್ರೋಲ್ ಜಾಸ್ತಿ ಉರಿಸಬಹುದು, ಬಲ ಜಾಸ್ತಿ ಸಿಗುತ್ತದೆ. ತಣ್ಣನೆ ಗಾಳಿ ದಟ್ಟವಾಗಿರುತ್ತದೆ. 3 ಡಿಗ್ರಿ ಸೆಲ್ಸಿಯಸ್ ಇಳಿದರೆ ದಟ್ಟಣೆ ಸುಮಾರು ಶೇಕಡಾ 1 ಏರುತ್ತದೆ. ಇಲ್ಲಿಯವರೆಗೆ ಇಂಟೇಕ್ ಮಾರುವವರು ಹೇಳುವುದು ನಿಜವೇ. ಆದರೆ ಈಗಿನ ಹೆಚ್ಚಿನ ಕಾರುಗಳಲ್ಲಿ ಕಂಪನಿ ಕೊಟ್ಟ ಏರ್ ಫಿಲ್ಟರ್ ಡಬ್ಬಿಯೂ ಹೊರಗಿನ ತಣ್ಣನೆ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಅದರ ಬಾಯಿ ಮುಂದಿನ ಗ್ರಿಲ್ ಹತ್ತಿರವೋ ಚಕ್ರದ ಮೇಲಿನ ಮಡ್‌ಗಾರ್ಡ್ ಒಳಗೋ ಇರುತ್ತದೆ. ಆ ಡಬ್ಬಿ ಕಿತ್ತು ಬಾನೆಟ್ ಒಳಗೆ ಬರಿ ಕೋನ್ ಫಿಲ್ಟರ್ ಕೂರಿಸಿದರೆ ಎಂಜಿನ್ ತನ್ನ ಬಿಸಿಯನ್ನೇ ತಾನು ಕುಡಿಯುತ್ತದೆ.

ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಹಳೆಯ ಸಿವಿಕ್‌ಗೆ ಅಂಥದ್ದೇ ಒಂದು ಹಾಕಿಸಿದ್ದೆ. ಮೊದಲ ದಿನ ಆಕ್ಸಿಲರೇಟರ್ ಒತ್ತಿದಾಗ ಬಂದ ಆ ಗರ್ಜನೆ ಇನ್ನೂ ಕಿವಿಯಲ್ಲಿದೆ. ಕಾರಿಗೆ ಬಲ ಬಂತು ಅಂತಲೇ ನಂಬಿದ್ದೆ. ಆಮೇಲೆ ಎಂಜಿನ್ ಕಂಪ್ಯೂಟರಿನ ಅಂಕಿಗಳನ್ನು ಓದಿ ತೋರಿಸುವ ಒಬಿಡಿ ರೀಡರ್ ಸಿಕ್ಕಿಸಿ ನೋಡಿದೆ. ಸಿಗ್ನಲ್‌ನಲ್ಲಿ ನಿಂತಾಗ ಒಳಗೆ ಹೋಗುವ ಗಾಳಿಯ ಬಿಸಿ ಏರುತ್ತಲೇ ಇತ್ತು. ಹಳೆಯ ಡಬ್ಬಿ ವಾಪಸ್ ಹಾಕಿದರೆ ಅಷ್ಟು ಏರಲಿಲ್ಲ. ಆ ಗರ್ಜನೆ ಬಂದದ್ದು ಎಂಜಿನ್ ಸದ್ದನ್ನು ತಗ್ಗಿಸಲೆಂದೇ ಕಂಪನಿ ಇಟ್ಟಿದ್ದ ರೆಸೊನೇಟರ್ ಡಬ್ಬಿಯನ್ನು ತೆಗೆದುಹಾಕಿದ್ದರಿಂದ. ಸದ್ದು ಇಷ್ಟವಾಯಿತು ಅಂತ ಹಾಕಿಸಿಕೊಳ್ಳುವವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಸದ್ದನ್ನು ಬಲ ಅಂತ ಮಾರಬಾರದು.

ಇನ್ನೊಂದು ವಿಷಯ ಇದೆ. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿಯನ್ನು ಮುಖ್ಯವಾಗಿ ತಡೆಯುವುದು ಥ್ರಾಟಲ್ ಬಾಗಿಲು. ಆಕ್ಸಿಲರೇಟರ್ ಅರ್ಧ ಒತ್ತಿದಾಗ ಬಾಗಿಲು ಅರ್ಧ ಮುಚ್ಚಿಯೇ ಇರುತ್ತದೆ. ಆಗ ಅದಕ್ಕಿಂತ ಮುಂಚಿನ ಪೈಪು ಎಷ್ಟು ಅಗಲ ಇದ್ದರೇನು? ಪೂರ್ತಿ ಒತ್ತಿ, ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ ಅದರ ಲೆಕ್ಕ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟುವಾಗ ಅಂಥ ಕ್ಷಣ ಎಷ್ಟು ಸಿಗುತ್ತದೆ ಹೇಳಿ.

ಇಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದಿದೆ. ಕಾರಿನ ಹುಚ್ಚಿರುವ ಹುಡುಗರು ಇಲ್ಲೂ ಬೇಕಾದಷ್ಟಿದ್ದಾರೆ. ಆದರೆ ಅವರಲ್ಲಿ ಎಷ್ಟೋ ಜನ ದುಡ್ಡು ಕೊಟ್ಟು ಡೈನೊ ಎಂಬ ಬಲ ಅಳೆಯುವ ಯಂತ್ರದ ಮೇಲೆ ಕಾರು ಹತ್ತಿಸಿ, ಹಾಕುವ ಮುಂಚೆ ಎಷ್ಟಿತ್ತು, ಹಾಕಿದ ಮೇಲೆ ಎಷ್ಟಾಯಿತು ಅಂತ ಕಾಗದ ತೆಗೆಸುತ್ತಾರೆ. ಮೂರು ಸಲ ಓಡಿಸಿದರೆ ಮೂರು ಲೆಕ್ಕ ಬರುವುದೂ ಅವರಿಗೆ ಗೊತ್ತು. ಮಾಮೂಲಿ ಕಾರಿಗೆ ಬರಿ ಇಂಟೇಕ್ ಹಾಕಿದಾಗ ಸಿಗುವ ಲಾಭ ಹೆಚ್ಚಿನ ಸಲ ಆ ವ್ಯತ್ಯಾಸದಲ್ಲೇ ಕಳೆದುಹೋಗುತ್ತದೆ. ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಇದ್ದು, ಎಂಜಿನ್ ಕಂಪ್ಯೂಟರನ್ನೂ ಹೊಸದಾಗಿ ಟ್ಯೂನ್ ಮಾಡಿಸಿ, ಗಾಳಿಯ ಬೇಡಿಕೆಯೇ ಏರಿದ್ದರೆ ಆ ಮಾತು ಬೇರೆ. ಅಲ್ಲಿ ಇಂಟೇಕ್ ನಿಜವಾಗಿ ಕೆಲಸ ಮಾಡುತ್ತದೆ. ಕಾರಿನ ಸಾಮಾನು ಮಾರುವ ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾನು ನಿಂತು ನೋಡಿದಾಗಲೆಲ್ಲ ಬಾನೆಟ್ ಎತ್ತಿ, ಎಂಜಿನ್ ರೈಸ್ ಮಾಡಿ, "ಕೇಳಿ ಸಾರ್, ಹೆಂಗಿದೆ" ಎನ್ನುವಲ್ಲಿಗೇ ಪರೀಕ್ಷೆ ಮುಗಿಯುತ್ತಿತ್ತು.

ಕಾನೂನಿನ ರೀತಿಯೂ ಬೇರೆ. ಹೊಗೆಯಲ್ಲಿ ಮುಳುಗಿದ್ದ ಲಾಸ್ ಏಂಜಲಿಸ್‌ನ ಪಾಡು ನೋಡಿಯೇ 1967ರಲ್ಲಿ ಈ ರಾಜ್ಯ ಗಾಳಿಗಾಗಿ ಒಂದು ಮಂಡಳಿ ಮಾಡಿತು. ಹೊಗೆ ಜಾಸ್ತಿ ಮಾಡುವುದಿಲ್ಲ ಅಂತ ಆ ಮಂಡಳಿಗೆ ತೋರಿಸಿ ನಂಬರ್ ಪಡೆದ ಇಂಟೇಕನ್ನಷ್ಟೇ ಇಲ್ಲಿ ರಸ್ತೆಯ ಕಾರಿಗೆ ಹಾಕಬಹುದು. ಹೊಗೆ ತಪಾಸಣೆಗೆ ಹೋದಾಗ ಬಾನೆಟ್ ಎತ್ತಿಸಿ ಆ ನಂಬರ್ ಹುಡುಕುತ್ತಾರೆ. ಇಲ್ಲದಿದ್ದರೆ ಫೇಲ್. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ವಾಹನದ ಬದಲಾವಣೆಗೆ ಕಡಿವಾಣ ಹಾಕುವ 52ನೇ ಕಲಂ ಇದೆ. ಒಪ್ಪಿಗೆಯಿಲ್ಲದ ಬದಲಾವಣೆಗೆ 5,000 ರೂಪಾಯಿ ದಂಡ ಅಂತ 2019ರ ತಿದ್ದುಪಡಿಯಲ್ಲಿ ಸೇರಿಸಿದ್ದೂ ಇದೆ. ಆದರೆ ಪಿಯುಸಿ ಮಾಡಿಸುವಾಗ ಸೈಲೆನ್ಸರ್ ಪೈಪಿನೊಳಗೆ ಕಡ್ಡಿ ತೂರಿಸುತ್ತಾರೆ, ಬಾನೆಟ್ ಎತ್ತುವುದಿಲ್ಲ. ನಂಬರ್ ಕೊಡುವ ಈ ಪದ್ಧತಿ ನಮಗೂ ಬಂದರೆ ಪೂರ್ತಿ ನಿಷೇಧಕ್ಕಿಂತ ಒಳ್ಳೆಯದು ಅಂತ ನನ್ನ ಅನಿಸಿಕೆ. ಒಳ್ಳೆಯ ಸಾಮಾನಿಗೂ ಆಗ ಬೆಲೆ ಬರುತ್ತದೆ.

ಇಷ್ಟಾದರೂ ಇಲ್ಲಿನ ಸಾಮಾನನ್ನು ಹಾಗೇ ಅಲ್ಲಿಗೆ ಹೊತ್ತು ತರಲು ಮನಸ್ಸಿಲ್ಲ. ನಮ್ಮ ರಸ್ತೆಯ ಧೂಳು ಬೇರೆ. ಹೊಸಪೇಟೆ ಕಡೆ ಅದಿರು ಲಾರಿಗಳ ಹಿಂದೆ ಒಂದು ದಿನ ಓಡಿಸಿದವರಿಗೆ ಅದು ಗೊತ್ತು. ಗಾಳಿ ಸಲೀಸಾಗಿ ಬಿಡುವ ಎಷ್ಟೋ ಫಿಲ್ಟರುಗಳು ಸಣ್ಣ ಧೂಳನ್ನೂ ಸಲೀಸಾಗಿಯೇ ಬಿಡುತ್ತವೆ. ಆ ಧೂಳು ಸಿಲಿಂಡರ್ ಗೋಡೆಯನ್ನು ಮರಳುಕಾಗದದ ಹಾಗೆ ಉಜ್ಜುತ್ತದೆ. ಬಂಪರ್ ಹತ್ತಿರ ಕೆಳಗೆ ಕೂರಿಸುವ ಇಂಟೇಕ್ ಆದರೆ ಮಳೆಗಾಲದ ಅಂಡರ್‌ಪಾಸ್ ನೀರನ್ನೇ ಎಳೆದುಕೊಳ್ಳಬಹುದು. ನೀರು ಹೋದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ನೇ ಹೋದಂತೆ.

ಫಿಲ್ಟರಿಗೆ ಬೆಲೆಯೇ ಇಲ್ಲ ಅಂತಲ್ಲ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಇದನ್ನು ಅಳೆದು ನೋಡಿತು. ಕಟ್ಟಿಕೊಂಡ ಫಿಲ್ಟರ್ ತೆಗೆದು ಹೊಸದು ಹಾಕಿದರೆ ಇಂಜೆಕ್ಷನ್ ಇರುವ ಈಗಿನ ತರಹದ ಪೆಟ್ರೋಲ್ ಕಾರು ವೇಗ ಹಿಡಿಯುವ ಸಮಯ ಶೇಕಡಾ 6ರಿಂದ 11ರಷ್ಟು ಸುಧಾರಿಸುತ್ತದೆ, ಮೈಲೇಜ್ ಮಾತ್ರ ಬದಲಾಗುವುದಿಲ್ಲ. ಅಂದರೆ ಅವನಿಗೆ ಬೇಕಾದ ಲಾಭ ಹಾಸನದ ಅಂಗಡಿಯಲ್ಲಿ ಸಿಗುವ ಕಂಪನಿಯ ಕಾಗದದ ಫಿಲ್ಟರಿನಲ್ಲೇ ಇರಬಹುದು. ಕೊನೆಯ ಸಲ ಯಾವಾಗ ಬದಲಿಸಿದ್ದು ಅಂತ ಕೇಳಿದೆ. ನೆನಪಿಲ್ಲ ಎಂದ.

ಈ ಡಿಸೆಂಬರ್‌ಗೆ ಅವನಿಗಾಗಿ ಒಬಿಡಿ ರೀಡರ್ ಒಂದನ್ನು ಸೂಟ್‌ಕೇಸಿಗೆ ಹಾಕಿದ್ದೇನೆ. ಮೊದಲು ಹೊಸ ಫಿಲ್ಟರ್ ಹಾಕಿಸಬೇಕು. ಆಮೇಲೆ ಇಬ್ಬರೂ ಮಂಗಳೂರಿಗೆ ಇಳಿದು, ಅಲ್ಲಿಂದ ಶಿರಾಡಿ ಘಾಟಿ ಹತ್ತಬೇಕು. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸಮುದ್ರ ದಂಡೆಗಿಂತ ಸುಮಾರು ಶೇಕಡಾ 10 ಕಡಿಮೆ. ಘಾಟಿಯ ಮೇಲಿರುವ ಸಕಲೇಶಪುರದಲ್ಲೂ ಹೆಚ್ಚುಕಮ್ಮಿ ಅಷ್ಟೇ. ಟರ್ಬೊ ಇಲ್ಲದ ಕಾರಿನ ಬಲವೂ ಹತ್ತಿರ ಹತ್ತಿರ ಅಷ್ಟೇ ಇಳಿಯುತ್ತದೆ. ಘಾಟಿಯ ತಿರುವು ತಿರುವಿಗೂ ಗಾಳಿಯ ಒತ್ತಡದ ಅಂಕಿ ಇಳಿಯುವುದನ್ನು ಅವನು ಫೋನಿನಲ್ಲಿ ನೋಡಲಿ, ನಾನು ಓಡಿಸುತ್ತೇನೆ.